ಅಸಹಜ ಸಾವಿನ ಹಳೆಯ ಕಡತಗಳಲ್ಲಿ ಮನೆತನದ ಇತಿಹಾಸ: ಪದೇ ಪದೇ ಕೇಳುವ ಪ್ರಶ್ನೆಗಳು

ಮನೆತನದ ಹಿಂದಿನವರನ್ನು ಹುಡುಕುವವರು ಪಹಣಿ, ಕ್ರಯಪತ್ರ, ಶಾಲೆಯ ದಾಖಲಾತಿ ಪುಸ್ತಕಗಳಿಂದ ಶುರು ಮಾಡುತ್ತಾರೆ. ಜಮೀನಿಲ್ಲದವರು, ಶಾಲೆಯ ಮುಖ ನೋಡದವರು, ಹೆಚ್ಚಿನ ಹೆಣ್ಣುಮಕ್ಕಳು ಅಲ್ಲಿ ಕಾಣುವುದೇ ಇಲ್ಲ. ಇಂಥವರಲ್ಲಿ ಕೆಲವರ ಹೆಸರು ಸರ್ಕಾರದ ಕಾಗದದಲ್ಲಿ ಒಂದೇ ಒಂದು ಸಲ ಬಂದಿರುತ್ತದೆ, ಅದೂ ಅವರು ಬಾವಿಗೋ ಹಾವಿಗೋ ಬಲಿಯಾದ ದಿನ. ಆ ಕಾಗದವನ್ನು ಹುಡುಕುವ ಬಗ್ಗೆ ಪತ್ರಗಳಲ್ಲಿ, ಭೇಟಿಯಾದಾಗ, ಫೋನಿನಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಜೋಡಿಸಿದ್ದೇನೆ.

## ಶುರು ಮಾಡುವ ಮುನ್ನ

ಸಾವಿನ ತನಿಖೆಯ ದಾಖಲೆ ಅಂದರೆ ಮರಣ ಪ್ರಮಾಣಪತ್ರವೇ ತಾನೆ?

ಅಲ್ಲ. ಮರಣ ಪ್ರಮಾಣಪತ್ರ ಬರುವುದು ಜನನ ಮರಣ ನೋಂದಣಿ ಪುಸ್ತಕದಿಂದ. ಅದರಲ್ಲಿ ಹೆಸರು, ದಿನ, ಸ್ಥಳ, ತಂದೆ ತಾಯಿಯ ಹೆಸರು ಇರುತ್ತದೆ. ಸಾವಿನ ಕಾರಣ ಇರುವುದಿಲ್ಲ. ಪುಸ್ತಕದಲ್ಲಿ ಕಾರಣ ಬರೆದಿದ್ದರೂ ಹೊರಗಿನವರಿಗೆ ಕೊಡುವ ಪ್ರತಿಯಲ್ಲಿ ಅದನ್ನು ತೋರಿಸುವಂತಿಲ್ಲ ಎಂದು 1969ರ ಜನನ ಮರಣ ನೋಂದಣಿ ಕಾಯ್ದೆಯೇ ಹೇಳುತ್ತದೆ.

ತನಿಖೆಯ ದಾಖಲೆ ಪೊಲೀಸರದು. ಅದು ಒಂದೇ ಹಾಳೆಯಲ್ಲ, ಒಂದು ಕಡತ. ಸಾವಿನ ಸುದ್ದಿ ಕೊಟ್ಟವರ ಫಿರ್ಯಾದು, ಶವ ಮಹಜರು (ಪಂಚರು ಎಂಬ ಊರಿನ ಸಾಕ್ಷಿಗಳ ಮುಂದೆ ಶವ ನೋಡಿ ಬರೆದ ವರದಿ, ಉತ್ತರ ಕರ್ನಾಟಕದಲ್ಲಿ ಶವ ಪಂಚನಾಮೆ), ನೆಂಟರು ಮತ್ತು ನೆರೆಯವರ ಹೇಳಿಕೆಗಳು, ಮರಣೋತ್ತರ ಪರೀಕ್ಷೆಯ ವರದಿ, ಕೊನೆಗೆ ಮ್ಯಾಜಿಸ್ಟ್ರೇಟರಿಗೆ ಕಳಿಸಿದ ಅಂತಿಮ ವರದಿ. ಇವೆಲ್ಲ ಸೇರಿದ ಕಡತಕ್ಕೆ ಈಗ ಠಾಣೆಗಳಲ್ಲಿ ಯುಡಿಆರ್ (ಅಸಹಜ ಸಾವಿನ ವರದಿ) ಎನ್ನುತ್ತಾರೆ.

ಯಾವ ಯಾವ ಸಾವಿಗೆ ಇಂಥ ಕಡತ ಇರುತ್ತದೆ?

ಆತ್ಮಹತ್ಯೆ, ಕೊಲೆ, ಪ್ರಾಣಿಯಿಂದ ಆದ ಸಾವು, ಯಂತ್ರಕ್ಕೆ ಸಿಕ್ಕಿ ಆದ ಸಾವು, ಅಪಘಾತ, ಅನುಮಾನ ಹುಟ್ಟಿಸುವ ಸಾವು. ದಂಡ ಪ್ರಕ್ರಿಯಾ ಸಂಹಿತೆಯ 174ನೇ ಕಲಮಿನಲ್ಲಿದ್ದ ಪಟ್ಟಿ ಇದು. 1898ರ ಸಂಹಿತೆಯಲ್ಲೂ 1973ರದ್ದರಲ್ಲೂ ಕಲಮಿನ ಸಂಖ್ಯೆ ಬದಲಾಗಲಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಸಂಹಿತೆಯಲ್ಲಿ ಅದು 194. ಹಳೆಯ ಕಾಗದದ ತಲೆಯಲ್ಲಿ '174' ಕಂಡರೆ ನಿಮಗೆ ಬೇಕಾದ ಬಗೆಯ ಕಾಗದವೇ ಸಿಕ್ಕಿದೆ ಎಂದು ತಿಳಿಯಿರಿ.

ಹಳ್ಳಿಗಳಲ್ಲಿ ಇದರ ದೊಡ್ಡ ಪಾಲು ಬಾವಿ, ಕೆರೆ, ಹಾವು, ಸಿಡಿಲು, ಮರದಿಂದ ಬಿದ್ದದ್ದು, ಎತ್ತಿನ ಗಾಡಿ ಮಗುಚಿದ್ದು. ಕಾಯಿಲೆ ಬಿದ್ದು ಮನೆಯಲ್ಲೇ ತೀರಿಕೊಂಡವರಿಗೆ ಕಡತ ಹುಟ್ಟುವುದಿಲ್ಲ.

ಪ್ಲೇಗಿನಲ್ಲಿ ಸತ್ತರು ಅಂತಾರೆ. ಮಹಜರು ಆಗಿರುತ್ತದಾ?

ಇಲ್ಲ. ಬೆಂಗಳೂರು, ಮೈಸೂರು, ಹುಬ್ಬಳ್ಳಿ ಕಡೆಗೆ ಪ್ಲೇಗು ಬಂದದ್ದು 1898ರಲ್ಲಿ, ಇನ್‌ಫ್ಲುಯೆಂಜಾ 1918ರಲ್ಲಿ. ಎರಡೂ ಕಾಯಿಲೆಗಳು, ಹಾಗಾಗಿ ಶವ ತನಿಖೆ ನಡೆಯಲಿಲ್ಲ. ಅಂಥವರನ್ನು ಪುರಸಭೆಯ ಮರಣ ಪುಸ್ತಕದಲ್ಲಿ, ಊರಿನ ಶಾನುಭೋಗರು ಬರೆದ ಲೆಕ್ಕದಲ್ಲಿ ಹುಡುಕಬೇಕು.

ಸತ್ತ ರೀತಿ ತಿಳಿದರೆ ಮನೆತನದ ಇತಿಹಾಸಕ್ಕೆ ಏನು ಲಾಭ?

ಸತ್ತ ರೀತಿ ಅದರಲ್ಲಿ ಸಣ್ಣ ಭಾಗ. ಕಡತ ತುಂಬ ಇರುವುದು ಬದುಕಿನ ವಿವರ. ಮಹಜರಿಗೆ ಗೊತ್ತುಪಡಿಸಿದ ನಮೂನೆ ಇದೆ. ಶವವನ್ನು ಮೊದಲು ಯಾರು, ಎಲ್ಲಿ, ಯಾವಾಗ ಕಂಡರು, ಜೀವಂತವಾಗಿ ಕೊನೆಗೆ ನೋಡಿದವರು ಯಾರು, ಮೈಮೇಲೆ ಏನೇನು ಬಟ್ಟೆ ಒಡವೆ ಇತ್ತು, ಗಾಯ ಎಲ್ಲಿ, ಪಂಚರ ಅಭಿಪ್ರಾಯವೇನು. ಇದನ್ನು ತುಂಬಿಸುವಾಗ ಮೃತರ ತಂದೆಯ ಅಥವಾ ಗಂಡನ ಹೆಸರು, ವಯಸ್ಸು, ಜಾತಿ, ಕಸುಬು, ಊರು ತಾನಾಗಿ ಬರುತ್ತವೆ. ನೆಂಟರ ಹೇಳಿಕೆಯಲ್ಲಿ ಎಷ್ಟು ಮಕ್ಕಳು, ಯಾರ ಮನೆಯಲ್ಲಿ ಜೀತಕ್ಕಿದ್ದರು, ಯಾವ ಸಂತೆಗೆ ಹೋಗಿದ್ದರು, ಅಣ್ಣತಮ್ಮಂದಿರು ಬೇರೆಯಾಗಿ ಎಷ್ಟು ಕಾಲವಾಯಿತು ಎಂಬುದೆಲ್ಲ ಇರುತ್ತದೆ.

ನಾನು ಓದಿದ ಒಂದು ಹಳೆಯ ಮಹಜರಿನಲ್ಲಿ ಬಾವಿಯಿಂದ ಎತ್ತಿದ ಕೂಲಿ ಹೆಂಗಸಿನ ಮೈಮೇಲಿದ್ದದ್ದನ್ನು ಬರೆದಿದ್ದರು. ಅಂಚು ಹರಿದ ಕೆಂಪು ಸೀರೆ, ಎಡಗೈಯಲ್ಲಿ ನಾಲ್ಕು ಹಸಿರು ಗಾಜಿನ ಬಳೆ, ಬಲಗೈಯಲ್ಲಿ ಮೂರು, ಮುಂಗೈ ಮೇಲೆ ಹಚ್ಚೆ, ಸೆರಗಿನ ಗಂಟಿನಲ್ಲಿ ಎರಡಾಣೆ ಮತ್ತು ಒಂದು ಅಡಿಕೆ ಚೂರು. ಆಕೆಯ ಫೋಟೋ ಇಲ್ಲ, ಜಮೀನಿಲ್ಲ, ಮನೆಯವರಿಗೆ ಹೆಸರು ಕೂಡ ಅರ್ಧ ಮರೆತಿತ್ತು. ಇಷ್ಟು ಹತ್ತಿರದಿಂದ ಆಕೆಯನ್ನು ನೋಡಿ ಬರೆದಿಟ್ಟ ಕಾಗದ ಇನ್ನೊಂದಿಲ್ಲ.

ಮೃತರ ಹೆಸರಿಗಿಂತ ಪಂಚರ ಹೆಸರುಗಳು ಉಪಯೋಗಕ್ಕೆ ಬರುವುದೂ ಉಂಟು. ಕಾನೂನಿನ ಪ್ರಕಾರ ಅವರು ಆ ನೆರೆಹೊರೆಯ ಗೌರವಸ್ಥರಾಗಿರಬೇಕು, ಕನಿಷ್ಠ ಇಬ್ಬರಿರಬೇಕು. ರುಜು, ಹೆಬ್ಬೆಟ್ಟಿನ ಗುರುತುಗಳ ಆ ಸಾಲು ಆ ದಿನ ಆ ಕೇರಿಯಲ್ಲಿ ಯಾರು ಯಾರು ವಾಸವಿದ್ದರು ಎಂಬುದಕ್ಕೆ ಸಾಕ್ಷಿ. ನಿಮ್ಮ ತಾತ ತಾವೇ ಪಂಚರಾಗಿ ಕೂತದ್ದು ಅಲ್ಲಿ ಸಿಕ್ಕರೂ ಸಿಗಬಹುದು.

ಎಷ್ಟು ಹಿಂದಿನವರೆಗೆ ಹೋಗಬಹುದು?

ಬ್ರಿಟಿಷ್ ಭಾರತದ ಮೊದಲ ದಂಡ ಪ್ರಕ್ರಿಯಾ ಸಂಹಿತೆ 1861ರದ್ದು. ಹಳ್ಳಿಯ ಮಟ್ಟದ ಮಹಜರನ್ನು ಅದಕ್ಕಿಂತ ಹಿಂದೆ ಹುಡುಕುವುದು ವ್ಯರ್ಥ ಶ್ರಮ. ನಿಜ ಹೇಳಬೇಕೆಂದರೆ 1900ಕ್ಕೆ ಹಿಂದಿನ ಸಾಮಾನ್ಯ ಅಪಘಾತದ ಕಡತ ಉಳಿದಿರುವುದೂ ಅಪರೂಪ. ಕೊಲೆ ಮೊಕದ್ದಮೆಯಾಗಿ ಮೇಲಿನ ಕೋರ್ಟಿನವರೆಗೆ ಹೋದದ್ದು, ಸರ್ಕಾರದ ಕಾರ್ಯದರ್ಶಿಗಳವರೆಗೆ ಪತ್ರವ್ಯವಹಾರ ನಡೆದದ್ದು ಮಾತ್ರ ಚೆನ್ನಾಗಿ ಉಳಿದಿವೆ.

ತಾತ ಸತ್ತ ವರ್ಷವೇ ಗೊತ್ತಿಲ್ಲ. ಶ್ರಾದ್ಧದ ತಿಥಿ ಮಾತ್ರ ಗೊತ್ತು. ಹೇಗೆ ಹುಡುಕಲಿ?

ತಿಥಿ ಗೊತ್ತಿದ್ದರೆ ಅರ್ಧ ಕೆಲಸ ಮುಗಿದಂತೆ. ಮಾಸ, ಪಕ್ಷ, ತಿಥಿ ಮೂರೂ ಮನೆಯಲ್ಲಿ ಉಳಿದಿರುತ್ತವೆ, ಬೇಕಾದದ್ದು ಸಂವತ್ಸರ. ಅಜ್ಜಿಯನ್ನೋ ಪುರೋಹಿತರನ್ನೋ 'ಯಾವ ಇಸವಿ' ಎಂದು ಕೇಳಬೇಡಿ, 'ಯಾವ ಸಂವತ್ಸರ' ಎಂದು ಕೇಳಿ. ಸಂವತ್ಸರಗಳು 60 ವರ್ಷಕ್ಕೊಮ್ಮೆ ಮರಳಿ ಬರುವುದರಿಂದ ಗೊಂದಲ ಕಡಿಮೆ. ವಿಳಂಬಿ ಎಂದರೆ 1898-99 ಅಥವಾ 1958-59. ಕಾಳಯುಕ್ತಿ ಎಂದರೆ 1918-19 ಅಥವಾ 1978-79. ಮಗ ಆಗ ಎಷ್ಟು ದೊಡ್ಡವನಿದ್ದ ಎಂಬುದರಿಂದ ಎರಡರಲ್ಲಿ ಒಂದು ತಾನಾಗಿ ಬಿದ್ದುಹೋಗುತ್ತದೆ.

ಸಂವತ್ಸರವೂ ಮರೆತಿದ್ದರೆ ಊರಿನ ನೆನಪುಗಳನ್ನು ಗೂಟದಂತೆ ನೆಡಿ. ಕೆರೆ ಒಡೆದದ್ದಕ್ಕೆ ಮುಂಚೆಯೋ ಆಮೇಲೆಯೋ? ಸ್ವಾತಂತ್ರ್ಯ ಬಂದಾಗ ಇದ್ದರೋ? ಪಟೇಲಿಕೆ ಹೋಗುವ ಮೊದಲೋ? ಹೀಗೆ ಕೇಳುತ್ತ ಹೋದರೆ ಐದಾರು ವರ್ಷದ ಅಂತರಕ್ಕೆ ಬರಬಹುದು. ಅಷ್ಟೂ ವರ್ಷಗಳಿಗೆ ಆ ತಿಥಿ ಬಿದ್ದ ದಿನಾಂಕವನ್ನು ಹಳೆಯ ಪಂಚಾಂಗ ನೋಡಿ ಬರೆದಿಟ್ಟುಕೊಳ್ಳಿ. ತಿಥಿ ಸೂರ್ಯೋದಯಕ್ಕೆ ಇತ್ತೋ, ಸಾವಿನ ಹೊತ್ತಿಗೆ ಇತ್ತೋ ಎಂಬ ಕಾರಣಕ್ಕೆ ಒಂದು ದಿನ ಹಿಂದೆ ಮುಂದೆ ಆಗುತ್ತದೆ, ಅದಕ್ಕೂ ಜಾಗ ಬಿಡಿ. ತುಳುನಾಡಿನ ಮನೆಗಳಲ್ಲಿ ಸೌರ ತಿಂಗಳಿನ ಲೆಕ್ಕ ನಡೆಯುವುದರಿಂದ ಸೋಣವೋ ಶ್ರಾವಣವೋ ಎಂಬುದನ್ನು ಮೊದಲು ಖಚಿತ ಮಾಡಿಕೊಳ್ಳಿ.

## ಹುಡುಕುವ ದಾರಿ

ಹೆಸರು ಕೊಟ್ಟರೆ ಕಚೇರಿಯವರು ಹುಡುಕಿಕೊಡುತ್ತಾರಾ?

ಹೆಸರಿನ ಪ್ರಕಾರ ಜೋಡಿಸಿದ ಪಟ್ಟಿ ಎಲ್ಲೂ ಇರುವುದಿಲ್ಲ. ಕಡತಗಳು ಕೂತಿರುವುದು ಠಾಣೆ, ವರ್ಷ, ಕ್ರಮಸಂಖ್ಯೆಯ ಲೆಕ್ಕದಲ್ಲಿ. ಹೀಗಾಗಿ ನೀವು ಮೊದಲು ಕಂಡುಹಿಡಿಯಬೇಕಾದದ್ದು ಮೂರು ವಿಷಯ: ಸಾವು ನಡೆದ ಜಾಗ (ಮೃತರ ಸ್ವಂತ ಊರಲ್ಲ, ಶವ ಸಿಕ್ಕ ಊರು), ಆ ಕಾಲದಲ್ಲಿ ಆ ಊರಿಗೆ ಇದ್ದ ಠಾಣೆ, ವರ್ಷ. ಈಗಿನ ಠಾಣೆ ಆಮೇಲೆ ಹುಟ್ಟಿದ್ದಿರಬಹುದು. ಐವತ್ತು ವರ್ಷದ ಹಿಂದೆ ಆ ಹಳ್ಳಿ ಇಪ್ಪತ್ತು ಮೈಲಿ ಆಚೆಯ ಠಾಣೆಗೆ ಸೇರಿದ್ದಿರಬಹುದು. ಹೊಳೆಯಲ್ಲಿ ಮುಳುಗಿದವರ ವಿಷಯದಲ್ಲಂತೂ ಶವ ತೇಲಿಹೋಗಿ ಕೆಳಗಿನ ತಾಲ್ಲೂಕಿನಲ್ಲಿ ಸಿಕ್ಕಿದ್ದರೆ ಮಹಜರು ಆಗಿರುವುದೂ ಅಲ್ಲೇ.

ನಮ್ಮೂರು ಆಗ ಯಾರ ಆಡಳಿತದಲ್ಲಿತ್ತು ಅನ್ನುವುದು ಯಾಕೆ ಮುಖ್ಯ?

1956ಕ್ಕೆ ಮುಂಚೆ ಈಗಿನ ಕರ್ನಾಟಕ ಐದು ಆಡಳಿತಗಳಲ್ಲಿ ಹಂಚಿಹೋಗಿತ್ತು. ಕಾಗದವನ್ನು ಯಾರು ಬರೆದರು, ಯಾವ ಭಾಷೆಯಲ್ಲಿ ಬರೆದರು, ಅದು ಈಗ ಯಾವ ನಗರದಲ್ಲಿದೆ ಎಂಬ ಮೂರಕ್ಕೂ ಉತ್ತರ ಅಲ್ಲಿಂದಲೇ ಬರುತ್ತದೆ.

ಧಾರವಾಡ, ಬೆಳಗಾವಿ, ವಿಜಯಪುರ ಮತ್ತು 1862ರ ನಂತರದ ಉತ್ತರ ಕನ್ನಡ ಮುಂಬೈ ಪ್ರಾಂತಕ್ಕೆ ಸೇರಿದ್ದವು. ಅಲ್ಲಿ 1867ರ ಗ್ರಾಮ ಪೊಲೀಸ್ ಕಾಯ್ದೆಯಂತೆ ಪೊಲೀಸ್ ಪಾಟೀಲರೇ ಊರಿನ ಇಬ್ಬರು ಮೂವರು ತಿಳಿವಳಿಕಸ್ಥರನ್ನು ಸೇರಿಸಿ, ಸಾವಿನ ಕಾರಣ ವಿಚಾರಿಸಿ, ಬರಹದಲ್ಲಿ ವರದಿ ಮಾಡಬೇಕಿತ್ತು. ಆದ್ದರಿಂದ ಪಾಟೀಲರ ಮನೆತನದ ಹಳೆಯ ಪೆಟ್ಟಿಗೆಯಲ್ಲಿ ನಕಲು ಉಳಿದಿರುವ ಸಾಧ್ಯತೆ ಇದೆ. ನಾನಾಗಿದ್ದರೆ ಠಾಣೆಗೆ ಹೋಗುವ ಮೊದಲು ಆ ಮನೆಗೆ ಹೋಗುತ್ತೇನೆ. ಮೇಲ್ಮಟ್ಟದ ಪತ್ರವ್ಯವಹಾರ ಮುಂಬೈಯ ಎಲ್ಫಿನ್‌ಸ್ಟನ್ ಕಾಲೇಜು ಕಟ್ಟಡದಲ್ಲಿರುವ ಮಹಾರಾಷ್ಟ್ರ ರಾಜ್ಯ ಪತ್ರಾಗಾರದಲ್ಲಿದೆ.

ದಕ್ಷಿಣ ಕನ್ನಡ, ಕೊಳ್ಳೇಗಾಲ, 1953ರವರೆಗಿನ ಬಳ್ಳಾರಿ ಮದ್ರಾಸಿನವು. ಅವಕ್ಕೆ ಚೆನ್ನೈನ ಎಗ್ಮೋರಿನಲ್ಲಿರುವ ತಮಿಳುನಾಡು ಪತ್ರಾಗಾರ. ಕಲಬುರಗಿ, ರಾಯಚೂರು, ಬೀದರ ನಿಜಾಮರ ಆಳ್ವಿಕೆಯಲ್ಲಿದ್ದವು, ಅವಕ್ಕೆ ಹೈದರಾಬಾದಿನ ತಾರ್ನಾಕಾದಲ್ಲಿರುವ ಪತ್ರಾಗಾರ. ಮೈಸೂರು ಸಂಸ್ಥಾನದ ಕಡತಗಳಿಗೆ ಬೆಂಗಳೂರಿನ ವಿಧಾನಸೌಧದಲ್ಲಿರುವ ಕರ್ನಾಟಕ ರಾಜ್ಯ ಪತ್ರಾಗಾರ ಇಲಾಖೆ, ಜೊತೆಗೆ ಅದರ ಮೈಸೂರು ವಿಭಾಗ. ಕೊಡಗು ಬೇರೆಯೇ ಒಂದು ಪ್ರಾಂತವಾಗಿತ್ತು.

ಇನ್ನೊಂದು ಗಡಿ ಬೆಂಗಳೂರಿನ ಒಳಗೇ ಇತ್ತು. 1881ರಿಂದ 1947ರವರೆಗೆ ದಂಡು ಪ್ರದೇಶ ಮೈಸೂರು ಮಹಾರಾಜರ ಕೈಯಲ್ಲಿರಲಿಲ್ಲ, ಬ್ರಿಟಿಷ್ ರೆಸಿಡೆಂಟರ ಕೈಯಲ್ಲಿತ್ತು. ಶಿವಾಜಿನಗರ, ಹಲಸೂರು ಕಡೆಯ ಸಾವಿಗೂ ಚಿಕ್ಕಪೇಟೆಯ ಸಾವಿಗೂ ಬೇರೆ ಬೇರೆ ಸರ್ಕಾರದ ಕಾಗದ. ರೆಸಿಡೆನ್ಸಿಯ ದಾಖಲೆಗಳಿಗೆ ದೆಹಲಿಯ ರಾಷ್ಟ್ರೀಯ ಅಭಿಲೇಖಾಗಾರವನ್ನೂ ಅದರ ಅಭಿಲೇಖ ಪಟಲ್ ಜಾಲತಾಣವನ್ನೂ ನೋಡಿ.

'ಹಳೇ ಫೈಲೆಲ್ಲ ನಾಶ ಮಾಡಿದ್ದೇವೆ' ಅಂತ ಠಾಣೆಯಲ್ಲಿ ಹೇಳಿ ಕಳಿಸಿದರು. ಅಲ್ಲಿಗೆ ಮುಗಿಯಿತಾ?

ಠಾಣೆಯವರು ಹೇಳಿದ್ದು ಸಾಮಾನ್ಯವಾಗಿ ನಿಜವೇ. ಅವಧಿ ಮುಗಿದ ಕಡತ ನಾಶ ಮಾಡಲು ನಿಯಮವಿದೆ. ಆದರೆ ಅಸಹಜ ಸಾವಿನ ವರದಿ ಠಾಣೆಯಲ್ಲೇ ನಿಲ್ಲುವ ಕಾಗದವಲ್ಲ, ಮ್ಯಾಜಿಸ್ಟ್ರೇಟರಿಗೆ ಹೋಗಲೇಬೇಕು. ಎಂದರೆ ತಹಶೀಲ್ದಾರರ ಅಥವಾ ಉಪವಿಭಾಗಾಧಿಕಾರಿಗಳ ಕಚೇರಿಯ ರೆಕಾರ್ಡ್ ರೂಮಿನಲ್ಲಿ ಇನ್ನೊಂದು ಪ್ರತಿ ಇರಬಹುದು. ಮರಣೋತ್ತರ ಪರೀಕ್ಷೆ ನಡೆದ ಸರ್ಕಾರಿ ಆಸ್ಪತ್ರೆಯಲ್ಲಿ ಅದರದೇ ಪುಸ್ತಕ ಇರುತ್ತದೆ, ಕೊಲೆಯ ಆರೋಪ ಬಂದಿದ್ದರೆ ಸೆಷನ್ಸ್ ಕೋರ್ಟಿನಲ್ಲಿ ಕಡತ ಇರುತ್ತದೆ.

ಕಡತ ಸುಟ್ಟರೂ ಕಡತದ ನೋಂದಣಿ ಪುಸ್ತಕ ಉಳಿದಿರುವುದುಂಟು. ಅದರಲ್ಲಿ ಒಂದೇ ಸಾಲು: ಕ್ರಮಸಂಖ್ಯೆ, ದಿನಾಂಕ, ಮೃತರ ಹೆಸರು, ಊರು, ಕಾರಣ. 'ಫೈಲ್ ಕೊಡಿ' ಎಂದು ಕೇಳಿದವರಿಗೆ ಇಲ್ಲವೆನ್ನುತ್ತಾರೆ. 'ಆ ವರ್ಷದ ರಿಜಿಸ್ಟರ್ ಇದೆಯೇ, ನೋಡಬಹುದೇ' ಎಂದು ಕೇಳಿ.

ಆರ್‌ಟಿಐ ಹಾಕಬಹುದಾ? ಹೇಗೆ ಬರೆಯಬೇಕು?

ಹಾಕಬಹುದು. 2005ರ ಮಾಹಿತಿ ಹಕ್ಕು ಕಾಯ್ದೆಯ 8(3)ನೇ ಕಲಮಿನಂತೆ 20 ವರ್ಷಕ್ಕಿಂತ ಹಿಂದಿನ ಘಟನೆಯ ಮಾಹಿತಿಗೆ ಹೆಚ್ಚಿನ ವಿನಾಯಿತಿಗಳು ಅನ್ವಯಿಸುವುದಿಲ್ಲ. ಅರ್ಜಿಯಲ್ಲಿ ಈ ಕಲಮನ್ನು ಹೆಸರಿಸಿ. ಮಾಹಿತಿ ಏಕೆ ಬೇಕೆಂದು ಹೇಳುವ ಅಗತ್ಯವಿಲ್ಲ, ಆದರೂ ಕುಟುಂಬದವರು ಎಂದು ಒಂದು ಸಾಲು ಬರೆದರೆ ಓದುವ ಗುಮಾಸ್ತರ ಮನಸ್ಸು ಸ್ವಲ್ಪ ಮೆದುವಾಗುತ್ತದೆ. ಅದು ನಾನು ನಂಬಿರುವ ಮಾತು.

ಕರ್ನಾಟಕದಲ್ಲಿ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯದ್ದಾಗಿರಬೇಕು, ಶುಲ್ಕ 10 ರೂಪಾಯಿ. ಉತ್ತರಕ್ಕೆ 30 ದಿನ. 'ನಮ್ಮ ತಾತನ ಸಾವಿನ ಎಲ್ಲ ಮಾಹಿತಿ ಕೊಡಿ' ಎಂದು ಬರೆದರೆ ಬರುವ ಉತ್ತರ 'ಲಭ್ಯವಿಲ್ಲ'. ಇಂಥ ಠಾಣೆಯ 1961ರಿಂದ 1964ರವರೆಗಿನ ಅಸಹಜ ಸಾವಿನ ನೋಂದಣಿ ಪುಸ್ತಕದಲ್ಲಿ ಇಂಥ ಗ್ರಾಮದ ನಮೂದುಗಳ ಪ್ರತಿ, ಪುಸ್ತಕ ನಾಶವಾಗಿದ್ದರೆ ನಾಶಪಡಿಸಿದ ಆದೇಶದ ಪ್ರತಿ ಎಂದು ಬರೆಯಿರಿ. ಎರಡನೇ ಭಾಗ ಬಿಡಬೇಡಿ. ಅದಿದ್ದರೆ ಇಲ್ಲವೆನ್ನಲು ಅವರೂ ಕಾಗದ ಹುಡುಕಬೇಕಾಗುತ್ತದೆ, ಹುಡುಕುವಾಗ ಪುಸ್ತಕವೇ ಸಿಗುವುದುಂಟು. ಕಾಗದ ಬೇರೆ ಕಚೇರಿಯಲ್ಲಿದ್ದರೆ 6(3)ನೇ ಕಲಮಿನಂತೆ ಅವರೇ ಅರ್ಜಿಯನ್ನು ಅಲ್ಲಿಗೆ ವರ್ಗಾಯಿಸಬೇಕು.

ಮುತ್ತಜ್ಜ ಬೊಂಬಾಯಿಗೆ ದುಡಿಯಲು ಹೋಗಿ ಅಲ್ಲೇ ಸತ್ತರು. ಅಲ್ಲಿಯೂ ಹೀಗೇನಾ?

ಮುಂಬೈ ನಗರದ ಕತೆ ಬೇರೆ. 1871ರ ಕಾಯ್ದೆಯಂತೆ ಕಲಕತ್ತೆ, ಮದ್ರಾಸು, ಬೊಂಬಾಯಿ ನಗರಗಳಲ್ಲಿ ಅಸಹಜ ಸಾವಿನ ವಿಚಾರಣೆಗೆ ಇಂಗ್ಲೆಂಡಿನ ಮಾದರಿಯಲ್ಲಿ ಕಾರೋನರ್ ಎಂಬ ಪ್ರತ್ಯೇಕ ಅಧಿಕಾರಿ ಇದ್ದರು. ಮದ್ರಾಸಿನಲ್ಲಿ ಆ ಹುದ್ದೆ 19ನೇ ಶತಮಾನ ಮುಗಿಯುವ ಮೊದಲೇ ಹೋಯಿತು, ಮುಂಬೈಯಲ್ಲಿ 1999ರವರೆಗೆ ಉಳಿಯಿತು. ಗಿರಣಿ, ಹಡಗುಕಟ್ಟೆ, ಹೋಟೆಲು ಎಂದು ಹೋದ ನಮ್ಮ ಕರಾವಳಿ ಮತ್ತು ಉತ್ತರ ಕರ್ನಾಟಕದವರು ನಗರದ ಒಳಗೆ ಅಪಘಾತದಲ್ಲಿ ಸತ್ತಿದ್ದರೆ ವಿಚಾರಣೆ ನಡೆದದ್ದು ಈ ಕಾರೋನರ್ ಮುಂದೆ. ನಗರದ ಇಂಗ್ಲಿಷ್ ಪತ್ರಿಕೆಗಳು ಅಂಥ ವಿಚಾರಣೆಗಳನ್ನು ವರದಿ ಮಾಡುತ್ತಿದ್ದವು. ದಿನಾಂಕ ಗೊತ್ತಿದ್ದರೆ ಪತ್ರಿಕೆಯಿಂದ ಶುರು ಮಾಡಿ, ಹೆಸರಿನ ಕಾಗುಣಿತ ವಿಚಿತ್ರವಾಗಿರುತ್ತದೆ ಎಂಬ ಎಚ್ಚರವಿರಲಿ.

ಕೆಜಿಎಫ್ ಗಣಿಯಲ್ಲಿ ಕಲ್ಲು ಸಿಡಿದು ಸತ್ತವರ ದಾಖಲೆ ಎಲ್ಲಿದೆ?

ಪೊಲೀಸ್ ಕಡತದ ಜೊತೆಗೆ ಗಣಿ ಇಲಾಖೆಯದೇ ದಾರಿ ಇದೆ. ಮೈಸೂರು ಸಂಸ್ಥಾನದಲ್ಲಿ ಗಣಿಗಳ ಮುಖ್ಯ ಇನ್‌ಸ್ಪೆಕ್ಟರ್ ಇದ್ದರು. ಅವರ ವಾರ್ಷಿಕ ವರದಿಗಳಲ್ಲಿ ಅಪಘಾತಗಳ ವಿವರ ಬರುತ್ತಿತ್ತು. 1952ರ ಗಣಿ ಕಾಯ್ದೆಯ ನಂತರದ ಸಾವುಗಳ ತನಿಖೆ ಕೇಂದ್ರ ಸರ್ಕಾರದ್ದು, ಆ ಇಲಾಖೆಯ ಕೇಂದ್ರ ಕಚೇರಿ ಧನಬಾದಿನಲ್ಲಿದೆ. ಇದಲ್ಲದೆ 1923ರ ಕಾರ್ಮಿಕರ ಪರಿಹಾರ ಕಾಯ್ದೆಯ ಮಾದರಿಯ ಪ್ರಕರಣಗಳನ್ನು ಮರೆಯಬೇಡಿ. ಪರಿಹಾರ ಯಾರಿಗೆ ಸೇರಬೇಕೆಂದು ತೀರ್ಮಾನಿಸಲು ಅಲ್ಲಿ ಹೆಂಡತಿ, ಮಕ್ಕಳು, ಅವಲಂಬಿತ ತಾಯಿ ಎಲ್ಲರ ಹೆಸರೂ ವಯಸ್ಸೂ ಬರೆಯಲೇಬೇಕು. ವಂಶವೃಕ್ಷಕ್ಕೆ ಮಹಜರಿಗಿಂತಲೂ ಗಟ್ಟಿ ಕಾಗದ ಅದು.

## ಕೈಗೆ ಸಿಕ್ಕಿದ್ದನ್ನು ಓದುವುದು

ಕಾಗದ ಸಿಕ್ಕಿದೆ, ಓದಲು ಬರುತ್ತಿಲ್ಲ. ಏನು ಮಾಡಲಿ?

ಯಾವ ಭಾಗದ ಕಾಗದ ಎಂದು ಮೊದಲು ನೋಡಿ. ಹಳೆಯ ಮೈಸೂರಿನದಾದರೆ ಕನ್ನಡವೇ, ಕೈಬರಹದ ವೇಗಕ್ಕೆ ಕಣ್ಣು ಒಗ್ಗಬೇಕು ಅಷ್ಟೆ. 'ಬಿನ್' ಕಂಡರೆ ಮುಂದಿನದು ತಂದೆಯ ಹೆಸರು, 'ಕೋಂ' ಕಂಡರೆ ಗಂಡನ ಹೆಸರು, 'ಬಿಕಲಂ' ಎಂದರೆ ಕಾಗದ ಬರೆದವರು. ಮುಂಬೈ ಪ್ರಾಂತದ ಹಳೆಯ ಕಾಗದದಲ್ಲಿ ಮರಾಠಿ ಮೋಡಿ ಲಿಪಿ ಬರಬಹುದು. ಅದಕ್ಕೆ ಓದಬಲ್ಲವರ ನೆರವು ಬೇಕೇ ಬೇಕು.

ನಿಜಾಮರ ಕಡೆಯದು ಉರ್ದು. 'ವಲ್ದ್' ಎಂದರೆ ಇಂಥವರ ಮಗ. ದಿನಾಂಕ ಫಸಲಿ ಎಂಬ ಕಂದಾಯ ವರ್ಷದ ಲೆಕ್ಕದಲ್ಲಿರುತ್ತದೆ, ತಿಂಗಳುಗಳು ಆಜೂರ್, ದೈ, ಬಹಮನ್ ಎಂದು ಸಾಗುತ್ತವೆ. ಫಸಲಿ ವರ್ಷಕ್ಕೆ 590 ಕೂಡಿಸಿದರೆ ಇಸವಿ ಸಿಗುತ್ತದೆ. ಆದರೆ ಅದರ ಹೊಸ ವರ್ಷ ಅಕ್ಟೋಬರಿನಲ್ಲಿ ಶುರುವಾಗುವುದರಿಂದ 1350 ಫಸಲಿ ಎಂದರೆ 1940ರ ಕೊನೆ ಮತ್ತು 1941ರ ಬಹುಭಾಗ.

ಪಂಚನಾಮೆಯಲ್ಲಿ ನಮ್ಮ ಮುತ್ಯಾ 'ಹೊಟ್ಟೆನೋವು ತಾಳಲಾರದೆ ಬಾವಿಗೆ ಹಾರಿದರು' ಅಂತ ಬರೆದಿದ್ದಾರೆ. ಮನೆಯಲ್ಲಿ ಹೇಳುವುದೇ ಬೇರೆ. ಯಾವುದನ್ನು ನಂಬಲಿ?

ಈ ಪ್ರಶ್ನೆ ಅತಿ ಹೆಚ್ಚು ಬರುತ್ತದೆ. ಆ ಸಾಲು ನಿಮ್ಮ ಮುತ್ಯಾನದಲ್ಲ, ಬರೆದವರದು. 'ಹೊಟ್ಟೆನೋವಿನ ಬಾಧೆ ತಾಳಲಾರದೆ', 'ಜೀವನದಲ್ಲಿ ಜಿಗುಪ್ಸೆಗೊಂಡು', 'ಆಕಸ್ಮಿಕವಾಗಿ ಕಾಲು ಜಾರಿ', 'ನಮಗೆ ಯಾರ ಮೇಲೂ ಅನುಮಾನವಿರುವುದಿಲ್ಲ' ಇವೆಲ್ಲ ಠಾಣೆಯ ಸಿದ್ಧ ವಾಕ್ಯಗಳು. ಮನೆಯವರಿಗೆ ಶವ ಬೇಗ ಕೈಗೆ ಸಿಗಬೇಕು, ಮಾನ ಉಳಿಯಬೇಕು. ಬರೆಯುವವರಿಗೆ ಕಡತ ಮುಗಿಯಬೇಕು. ಇಬ್ಬರಿಗೂ ಒಪ್ಪಿಗೆಯಾಗುವ ಸಾಲು ಬರೆದು ರುಜು ಹಾಕಿಸುತ್ತಿದ್ದರು. ಹಾಗೆಂದು ಎಲ್ಲ ಹೊಟ್ಟೆನೋವೂ ಸುಳ್ಳಲ್ಲ. ಔಷಧಿಯಿಲ್ಲದ ಕಾಲದಲ್ಲಿ ಅಂಥ ನೋವಿನಿಂದ ಕಂಗೆಟ್ಟವರು ನಿಜವಾಗಿಯೂ ಇದ್ದರು.

ಹೀಗಿರುವಾಗ ಕಾರಣದ ಸಾಲನ್ನು ಬದಿಗಿಟ್ಟು ಉಳಿದದ್ದನ್ನು ಓದಿ. ಸುಳ್ಳು ಹೇಳಿ ಯಾರಿಗೂ ಏನೂ ಆಗಬೇಕಿಲ್ಲದ ವಿವರಗಳು ನಂಬಲರ್ಹ: ಶವ ಕಂಡವರು ಎಷ್ಟು ಹೊತ್ತಿಗೆ ನೀರಿಗೆ ಹೋಗಿದ್ದರು, ಬಾವಿ ಮನೆಯಿಂದ ಎಷ್ಟು ದೂರ, ಕಟ್ಟೆಯ ಮೇಲೆ ಕೊಡ ಇತ್ತೋ ಇಲ್ಲವೋ, ಚಪ್ಪಲಿ ಬಿಟ್ಟಿದ್ದರೋ. ಫಿರ್ಯಾದು ಕೊಡಲು ತಡವಾದದ್ದು, ಹೆಂಡತಿಯ ಹೇಳಿಕೆ ಇಲ್ಲದೆ ಬರೀ ಮೈದುನನ ಹೇಳಿಕೆ ಇರುವುದು ಕೂಡ ಏನನ್ನೋ ಹೇಳುತ್ತವೆ.

ಇಲ್ಲದ್ದರಿಂದ ದೊಡ್ಡ ತೀರ್ಮಾನಕ್ಕೆ ಹಾರಬೇಡಿ. ಶವ ತನಿಖೆಯ ಉದ್ದೇಶ ಮೇಲ್ನೋಟದ ಕಾರಣ ತಿಳಿಯುವುದಷ್ಟೇ, ಯಾರು ಯಾರಿಗೆ ಹೇಗೆ ಹೊಡೆದರು ಎಂಬ ವಿವರ ಅದರ ವ್ಯಾಪ್ತಿಯಲ್ಲಿಲ್ಲ ಎಂದು 1975ರಲ್ಲಿ ಪೆದ್ದ ನಾರಾಯಣ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಮನೆಯ ಮಾತು, ಕಾಗದದ ಮಾತು ಎರಡನ್ನೂ ಪಕ್ಕಪಕ್ಕ ಬರೆದಿಡಿ, ಒಂದನ್ನು ಅಳಿಸಿ ಇನ್ನೊಂದನ್ನು ಉಳಿಸಬೇಡಿ.

ಮಹಜರಿನಲ್ಲಿ ವಯಸ್ಸು 40 ಅಂತಿದೆ, ನಮ್ಮ ಲೆಕ್ಕದಲ್ಲಿ 52 ಆಗಬೇಕು. ಬೇರೆಯವರದ್ದಾ?

ವಯಸ್ಸೊಂದರಿಂದ ತಳ್ಳಿಹಾಕಬೇಡಿ. ಅದು ನೋಡಿದವರ ಅಂದಾಜು. 30, 35, 40, 45 ಎಂದು ಐದರ ಲೆಕ್ಕದಲ್ಲೇ ಬರುತ್ತದೆ. ತಂದೆಯ ಹೆಸರು, ಊರು, ಪಂಚರ ಮನೆತನ ಹೊಂದಿದರೆ ಸಾಕು.

ಮರಣೋತ್ತರ ವರದಿಯಲ್ಲಿ 'ಅಭಿಪ್ರಾಯ ಕಾಯ್ದಿರಿಸಿದೆ' ಅಂತಿದೆ. ಏನರ್ಥ?

ವಿಷದ ಅನುಮಾನವಿತ್ತು, ಹೊಟ್ಟೆಯ ಒಳಾಂಗಗಳನ್ನು ರಾಸಾಯನಿಕ ಪರೀಕ್ಷಕರಿಗೆ ಕಳಿಸಿದ್ದರು, ಉತ್ತರ ಬರುವವರೆಗೆ ವೈದ್ಯರು ಕಾರಣ ಹೇಳಲಿಲ್ಲ ಎಂದರ್ಥ. ಪರೀಕ್ಷಕರ ಉತ್ತರ ಬೇರೆ ಹಾಳೆಯಲ್ಲಿ ತಿಂಗಳುಗಳ ನಂತರ ಬಂದಿರುತ್ತದೆ. ಕಡತದ ಕೊನೆಯಲ್ಲಿ ಅಥವಾ ಮ್ಯಾಜಿಸ್ಟ್ರೇಟರ ಪ್ರತಿಯಲ್ಲಿ ನೋಡಿ.

## ಕಷ್ಟದ ಪ್ರಶ್ನೆಗಳು

ಅಜ್ಜಿಯ ಅಕ್ಕ ಮದುವೆಯಾದ ಮೇಲೆ ಹೇಗೋ ಸತ್ತರು ಅಂತಾರೆ, ಯಾರೂ ಬಾಯಿ ಬಿಡುವುದಿಲ್ಲ. ಹೇಗೆ ಹುಡುಕುವುದು?

ಗಂಡನ ಊರಿನ ಠಾಣೆಯಲ್ಲಿ, ಗಂಡನ ಹೆಸರಿನ ಜೊತೆ ಹುಡುಕಿ. ಮದುವೆಯಲ್ಲಿ ಹೆಸರು ಬದಲಿಸುವ ಪದ್ಧತಿಯಿರುವ ಮನೆಗಳಲ್ಲಿ ತವರಿನ ಹೆಸರು ಕಾಗದದಲ್ಲಿ ಬರದೇ ಇರಬಹುದು. ತವರಿನವರ ಹೇಳಿಕೆ ಕಡತದಲ್ಲಿದೆಯೇ ಎಂದು ಮೊದಲು ನೋಡಿ. ಮದುವೆಯಾಗಿ ಏಳು ವರ್ಷದೊಳಗೆ ಸತ್ತ ಹೆಣ್ಣುಮಕ್ಕಳ ಆತ್ಮಹತ್ಯೆ ಅಥವಾ ಅನುಮಾನದ ಸಾವಿನಲ್ಲಿ ಶವವನ್ನು ವೈದ್ಯರ ಪರೀಕ್ಷೆಗೆ ಕಳಿಸುವ ನಿಯಮ ಸಂಹಿತೆಗೆ ಸೇರಿದ್ದು 1983ರಲ್ಲಿ. ಅದಕ್ಕೆ ಹಿಂದಿನ ಕಡತಗಳು ಬಹಳ ತೆಳು, ಕೆಲವಂತೂ ಎರಡೇ ಹಾಳೆ. ಆ ತೆಳುವಾದ ಕಡತವನ್ನೂ ಹುಡುಕಿ ತನ್ನಿ ಎನ್ನುತ್ತೇನೆ. ವಂಶವೃಕ್ಷದಲ್ಲಿ ಮಕ್ಕಳಿಲ್ಲದೆ ಸತ್ತ ಹೆಣ್ಣನ್ನು ಬಿಟ್ಟೇ ಬರೆಯುವ ರೂಢಿ ನಮ್ಮಲ್ಲಿದೆ, ಆಕೆ ಇದ್ದಳು ಎನ್ನಲು ಆ ಎರಡು ಹಾಳೆ ಸಾಕು.

ಎಲ್ಲ ಕಡೆ ಹುಡುಕಿದೆ, ಮಹಜರು ಸಿಗಲಿಲ್ಲ. ಬೇರೆ ದಾರಿ ಇದೆಯಾ?

ಜಮೀನಿದ್ದವರಾದರೆ ಪೌತಿ ಖಾತೆ. ಸತ್ತವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾದ ನಮೂದು ಮ್ಯುಟೇಶನ್ ಪುಸ್ತಕದಲ್ಲಿರುತ್ತದೆ, ಸಾವಿನ ವರ್ಷ ಅಲ್ಲಿಂದ ಹಿಡಿಯಬಹುದು. ಅನಾಹುತ ದೊಡ್ಡದಾಗಿದ್ದರೆ ಪತ್ರಿಕೆ. ಮೊಕದ್ದಮೆಯಾಗಿದ್ದರೆ ಕೋರ್ಟಿನ ತೀರ್ಪು: ಮೈಸೂರಿನ ಚೀಫ್ ಕೋರ್ಟ್ 1884ರಲ್ಲಿ ಶುರುವಾಯಿತು, ಮುಖ್ಯ ತೀರ್ಪುಗಳು ಅಚ್ಚಾಗಿವೆ. ಕರಾವಳಿಯ ಕ್ರೈಸ್ತ ಮನೆಗಳಿಗೆ ಇಗರ್ಜಿಯ ಮರಣ ಪುಸ್ತಕ.

ಇವೆಲ್ಲಕ್ಕಿಂತ ಮೊದಲು ಹೆಳವರನ್ನು ವಿಚಾರಿಸಿ ಎಂದು ಒಕ್ಕಲು ಮನೆತನದವರಿಗೆ ಹೇಳುತ್ತೇನೆ. ಎತ್ತಿನ ಮೇಲೆ ಬಂದು ವಂಶ ಹೊಗಳಿ ದವಸ ಪಡೆಯುವ ಹೆಳವರು ತಲೆಮಾರುಗಳ ಹೆಸರುಗಳನ್ನು ಬರೆದೂ ಇಟ್ಟಿರುತ್ತಾರೆ. ಮಕ್ಕಳಿಲ್ಲದೆ, ಅಕಾಲದಲ್ಲಿ ಹೋದವರ ಬಗ್ಗೆ ಕೇಳಿದರೆ ಮನೆಯವರು ಮರೆತದ್ದು ಅವರಲ್ಲಿ ಉಳಿದಿರುವುದುಂಟು. ಮನೆಗೆ ಬರುವ ಹೆಳವರು ಯಾವ ಊರಿನವರು ಎಂದು ಹಿರಿಯರನ್ನು ಈಗಲೇ ಕೇಳಿಟ್ಟುಕೊಳ್ಳಿ.

ದೊಡ್ಡಪ್ಪನದು ಆತ್ಮಹತ್ಯೆ ಅಂತ ಕಡತದಲ್ಲಿದೆ. ಅಪ್ಪನಿಗೆ ಅಪಘಾತ ಅಂತಲೇ ಹೇಳಿ ಬೆಳೆಸಿದ್ದಾರೆ. ಹೇಳಲಾ, ಬೇಡವಾ?

ಹಿರಿಯರಿಗೆ ಗೊತ್ತಿಲ್ಲ ಎಂದು ಅವಸರದಲ್ಲಿ ಅಂದುಕೊಳ್ಳಬೇಡಿ. ಬಹಳ ಸಲ ಗೊತ್ತಿರುತ್ತದೆ, ಹೇಳಲು ಕೇಳುವವರಿರಲಿಲ್ಲ. ಕಾಗದವನ್ನು ಮುಂದಿಟ್ಟು ಶುರು ಮಾಡಬೇಡಿ. 'ದೊಡ್ಡಪ್ಪನ ಬಗ್ಗೆ ಹೇಳಿ' ಎಂದು ಕೂತುಕೊಳ್ಳಿ, ಅವರು ಎಲ್ಲಿಗೆ ನಿಲ್ಲಿಸುತ್ತಾರೋ ನೀವೂ ಅಲ್ಲಿಗೆ ನಿಲ್ಲಿಸಿ. ಅವರೇ ಕೇಳಿದರೆ ಸುಳ್ಳು ಹೇಳಬೇಡಿ. ಮರಣೋತ್ತರ ವರದಿಯನ್ನು ಓದಿ ಹೇಳುವ ಅಗತ್ಯ ಯಾರಿಗೂ ಇಲ್ಲ, ಶವದ ಫೋಟೋ ಇದ್ದರೆ ಬೇರೆ ಲಕೋಟೆಯಲ್ಲಿ ಹಾಕಿ ಮೇಲೆ ಬರೆದಿಡಿ. ಈ ಕಾಗದ ಓದುತ್ತ ನಿಮ್ಮ ಮನಸ್ಸೇ ಕುಸಿದರೆ ಬದಿಗಿಟ್ಟು ಹತ್ತಿರದವರೊಡನೆ ಮಾತಾಡಿ. ಟೆಲಿಮಾನಸ್ 14416 ಸಂಖ್ಯೆಗೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡುವವರಿದ್ದಾರೆ.

ಹೇಳಿಕೆಯಲ್ಲಿ ಪಕ್ಕದ ಮನೆಯವರ ಮೇಲೆ ಅನುಮಾನ ಅಂತ ಬರೆದಿದೆ. ಮನೆತನದ ಪುಸ್ತಕದಲ್ಲಿ ಹಾಕಬಹುದಾ?

ತನಿಖೆಯ ಹೇಳಿಕೆ ಪ್ರಮಾಣ ಮಾಡಿ ಹೇಳಿದ ಸಾಕ್ಷ್ಯವಲ್ಲ, ಪಾಟೀಸವಾಲಿಗೆ ಒಳಗಾದದ್ದೂ ಅಲ್ಲ. ಕೋರ್ಟು ಅಪರಾಧಿ ಎಂದು ತೀರ್ಪು ಕೊಟ್ಟಿದ್ದರೆ ತೀರ್ಪಿನ ದಿನಾಂಕದೊಡನೆ ಬರೆಯಿರಿ. ಬರೀ ಅನುಮಾನವಾದರೆ 'ಒಬ್ಬರ ಮೇಲೆ ಅನುಮಾನ ವ್ಯಕ್ತವಾಗಿತ್ತು, ತನಿಖೆ ಮುಂದುವರಿಯಲಿಲ್ಲ' ಎಂದಷ್ಟೇ ಬರೆದು ಹೆಸರು ಬಿಡಿ. ಅವರ ಮೊಮ್ಮಕ್ಕಳು ಇನ್ನೂ ಅದೇ ಬೀದಿಯಲ್ಲಿರುತ್ತಾರೆ, ನಿಮ್ಮ ಪುಸ್ತಕ ಅವರ ಕೈಗೂ ಹೋಗುತ್ತದೆ. ಮೂಲ ಕಾಗದದ ಪ್ರತಿಯನ್ನು ಮಾತ್ರ ಏನೂ ಅಳಿಸದೆ, ಕಚೇರಿಯ ಹೆಸರು, ಕಡತದ ಸಂಖ್ಯೆ, ಪ್ರತಿ ಪಡೆದ ದಿನಾಂಕ ಬರೆದು ಮನೆಯಲ್ಲಿ ಇಟ್ಟುಕೊಳ್ಳಿ.